ಗುಂಪಿಗೆ ಬಿದ್ದ ಮಾತು

ಎದುರಿಗೆ ನಿಂತವರ ಜೊತೆ ರೇವಣಸಿದ್ದ ಎಂದೂ ದನಿ ಏರಿಸಿದವನಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ಯಾರು ಗದರಿದರೂ ‘ಆತ್ರೀ ಸರ’ ಎಂದು ತಲೆ ತಗ್ಗಿಸಿ ಮಷೀನಿಗೆ ಮರಳುವ ಮನುಷ್ಯ. ಆದರೆ ಮೊಬೈಲು ಕೈಗೆ ಬಂದರೆ ಅವನೇ ಬೇರೆ. ಕ್ರಿಕೆಟ್ ಇರಲಿ, ರಾಜಕೀಯ ಇರಲಿ, ಗುರುತು ಪರಿಚಯವಿಲ್ಲದವರ ಹೆತ್ತವರನ್ನೂ ಎಳೆದು ತಂದು ಬರೆಯುತ್ತಿದ್ದ. ಲಗ್ಗೆರೆಯ ವಠಾರದಲ್ಲಿ ಪಕ್ಕದ ಕೋಣೆಯ ಪರಮಾನಂದ ಅವನ ಊರಿನವನೇ, ಒಂದೇ ಶಿಫ್ಟಿನವನು. ಇವನು ಬರೆದದ್ದನ್ನು ಓದಿ ನಗುತ್ತಿದ್ದ: “ಎದುರಿಗಿ ಇಲಿ, ಮೊಬೈಲ್‌ದಾಗ ಹುಲಿ ಅದೀ ನೋಡು ನೀ.”

ಆ ಪರಮಾನಂದನ ಬಲಗೈ ಒಂದು ಸೋಮವಾರ ಪ್ರೆಸ್ ಮಷೀನಿಗೆ ಸಿಕ್ಕಿತು.

ಕೈ ಒಳಗಿದ್ದರೆ ಮಷೀನು ತಾನಾಗಿ ನಿಲ್ಲಬೇಕು, ಅದಕ್ಕೆಂದೇ ಸೆನ್ಸರ್ ಇರುತ್ತದೆ. ಮಷೀನು ಪದೇ ಪದೇ ನಿಂತು ಕೆಲಸ ಹಿಂದೆ ಬೀಳುತ್ತದೆಂದು ಅದರ ವೈರನ್ನು ಬಿಚ್ಚಿಸಿಟ್ಟಿದ್ದರು. ಶಿಫ್ಟಿನವರಿಗೆಲ್ಲ ಗೊತ್ತಿದ್ದ ಸಂಗತಿ. ಕೂಗು ಕೇಳಿ ಓಡಿ ಬಂದು ಗೆಳೆಯನನ್ನು ತಬ್ಬಿ ಹಿಡಿದವನು ರೇವಣಸಿದ್ದ. ಆಸ್ಪತ್ರೆಯಲ್ಲಿ ಡಾಕ್ಟರು, ಮಣಿಕಟ್ಟಿನವರೆಗೆ ತೆಗೆಯಬೇಕಾಯಿತು ಎಂದಾಗ ಪರಮಾನಂದನ ಹೆಂಡತಿ ಮಹಾನಂದಾ ಅಳಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕುಳಿತುಬಿಟ್ಟಳು.

ಮರುದಿನ ಶಿಫ್ಟಿನ ವಾಟ್ಸಾಪ್ ಗುಂಪಿಗೆ ಸೂಪರ್‌ವೈಸರ್ ನಂದೀಶ್ ಒಂದು ಸಂದೇಶ ಹಾಕಿದ. ‘ಅಜಾಗರೂಕತೆಯಿಂದ ನಿನ್ನೆ ಅನಾಹುತ ಆಗಿದೆ. ಎಲ್ಲರೂ ಎಚ್ಚರದಿಂದ ಕೆಲಸ ಮಾಡಿ.’

ರೇವಣಸಿದ್ದ ಅದನ್ನು ಓದಿದ್ದು ಮಧ್ಯಾಹ್ನ, ಗೇಟಿನ ಹೊರಗಿನ ಟೀ ಅಂಗಡಿಯಲ್ಲಿ. ಅಂಗಿಯ ತೋಳಿನ ಮೇಲೆ ಗೆಳೆಯನ ರಕ್ತದ ಕಲೆ ತೊಳೆದರೂ ಹೋಗಿರಲಿಲ್ಲ. ಅಜಾಗರೂಕತೆ! ಹೆಬ್ಬೆರಳು ತಾನೇ ಓಡಿತು. ನಂದೀಶನ ತಾಯಿಯನ್ನು ಎಲ್ಲೆಲ್ಲಿಗೋ ಎಳೆದ. ಅವನ ಪುಟ್ಟ ಮಗಳ ಕೈಯೂ ಅದೇ ಪ್ರೆಸ್ಸಿನ ಕೆಳಗೆ ಸಿಕ್ಕಿ ಜಜ್ಜಿ ಹೋಗಲಿ ಎಂದು ಬರೆದ. ಅಷ್ಟುದ್ದದ ಬೈಗುಳದಲ್ಲಿ ಸೆನ್ಸರಿನ ವಿಷಯ ಇದ್ದದ್ದು ಒಂದೇ ಸಾಲು. ಕಳಿಸಿದ ಕೂಡಲೇ ಹೆಬ್ಬೆರಳ ಚಿತ್ರಗಳು ಸಾಲಾಗಿ ಬಂದವು. ‘ಸಕ್ಕತ್ ಗುರು’ ಎಂದು ಒಬ್ಬ ಬರೆದ. ಎದೆ ಹಗುರಾದಂತಾಗಿ ರೇವಣಸಿದ್ದ ಇನ್ನೊಂದು ಟೀ ಹೇಳಿದ.

ಸಂಜೆ ಆಸ್ಪತ್ರೆಗೆ ಹೋದಾಗ ಮಹಾನಂದಾಳ ಮುಖದಲ್ಲಿ ಒಂದಿಷ್ಟು ಜೀವ ಬಂದಿತ್ತು.

“ಅಣ್ಣಾ, ಮಧ್ಯಾನ ನಂದೀಶ್ ಸರ್ ಬಂದಿದ್ರು. ಗುಂಪಿನ್ಯಾಗ ಹಾಕಿದ್ದು ಮ್ಯಾನೇಜರ್ ಹೇಳಿ ಹಾಕ್ಸಿದ್ದಂತ. ವಿಚಾರಣಿ ಆದ್ರ, ಸೆನ್ಸರ್ ಬಿಚ್ಚಸಿದ್ದು ಯಾರಂತ ನಾನೇ ಹೇಳ್ತೀನಕ್ಕಾ ಅಂದ್ರು. ಇವರ ಕಾಲ್ಕಡಿ ನಿಂತು ಅತ್ತು ಹೋದ್ರು.”

ರೇವಣಸಿದ್ದ ಹೊರಗೆ ಬಂದು ಮೊಬೈಲು ತೆಗೆದ. ಬರೆದದ್ದನ್ನು ಅಳಿಸಿದ. ಅಳಿಸಿ ಏನು ಬಂತು? ಅಷ್ಟರಲ್ಲಿ ಅದರ ಫೋಟೋ ಹಿಡಿದು ಯಾರೋ ಬೇರೆ ಗುಂಪುಗಳಿಗೂ ಹರಿಬಿಟ್ಟಿದ್ದರು. ನಂದೀಶನಿಗೆ ಫೋನು ಮಾಡಿದ, ಮತ್ತೆ ಮಾಡಿದ. ಎತ್ತಲಿಲ್ಲ.

ಭಾನುವಾರ ಅವನ ಮನೆ ಹುಡುಕಿಕೊಂಡು ಹೋದ. ಬಾಗಿಲು ತೆರೆದವರು ನಂದೀಶನ ತಾಯಿ ವಸಂತಮ್ಮ. ಸೊಪ್ಪು ಬಿಡಿಸುತ್ತಿದ್ದ ಕೈ ಒರೆಸಿಕೊಳ್ಳುತ್ತ, “ಯಾರಪ್ಪ?” ಎಂದರು.

“ರೇವಣಸಿದ್ದ ಅಂತ್ರಿ ಅವ್ವಾ. ಕಾರ್ಖಾನಿಯಿಂದ…”

ಅವರ ಕೈ ನಿಂತಿತು. “ಓ, ನೀನೇನಾ. ನನ್ ತಂಗಿ ಮಗಳು ಫೋನಲ್ಲಿ ಓದಿ ಹೇಳಿದ್ಲು. ಪೂರ್ತಿ ಓದಕ್ಕೆ ಪಾಪ ಅವಳಿಗೆ ಬಾಯೇ ಬರ್ಲಿಲ್ಲ.”

ರೇವಣಸಿದ್ದ ಅವರ ಕಾಲಿಗೆ ಬಗ್ಗಿದ. ವಸಂತಮ್ಮ ಹಿಂದೆ ಸರಿದರು.

“ನನ್ನ ಅಂದಿದ್ದು ಬಿಡು, ಮುದುಕಿ. ನಮ್ ಕೂಸಿನ್ ಕೈ ಏನಪ್ಪ ಮಾಡಿತ್ತು ನಿಂಗೆ? ಅಂಗೆ ಶಾಪ ಹಾಕ್ಬೋದಾ?”

ನಂದೀಶ್ ಒಳಗಿನಿಂದ ಬಂದ. ಕೂಗಾಡಲಿಲ್ಲ. ಕೂಗಾಡಿದ್ದರೆ ರೇವಣಸಿದ್ದನಿಗೆ ಸಮಾಧಾನವಾಗುತ್ತಿತ್ತು.

“ಆ ವೈರ್ ವಿಷಯಕ್ಕೆ ನಾನು ಮ್ಯಾನೇಜರ್ ಹತ್ರ ಜಗಳ ಆಡಿದ್ದೆ ಕಣ್ರೀ. ನಿಮಗೆ ಗೊತ್ತಿರ್ಲಿಲ್ಲ, ಸರಿ. ಒಂದ್ಸಲ ಕೇಳ್ಬೋದಿತ್ತಲ್ಲ? ದಿನಾ ಪಕ್ಕದಲ್ಲೇ ಇರ್ತಿದ್ದೆ.”

“ತಪ್ಪಾತ್ರೀ ಸರ. ಸಿಟ್ಟಿನ್ಯಾಗ…”

“ಇಂಥೋರ್ಗೋಸ್ಕರ ಕೆಲಸ ಕಳ್ಕೋತೀರಾ ಅಂತ ಹೆಂಡ್ತಿ ಕೇಳ್ತಾಳೆ. ಏನಂತ ಹೇಳ್ಲಿ ಅವಳಿಗೆ?”

“ನನಗ ಏನ್ ಬೇಕಾದ್ರೂ ಮಾಡ್ರಿ. ಪರಮಾನಂದ ಏನ್ ತಪ್ಪ ಮಾಡ್ಯಾನ್ರಿ?”

ನಂದೀಶ್ ತಾಯಿಯನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿದ.

ವಿಚಾರಣೆಯ ದಿನ ಮ್ಯಾನೇಜರ್ ಭಾನುಪ್ರಕಾಶ್ ಆ ಸಂದೇಶವನ್ನು ಪ್ರಿಂಟ್ ಹಾಕಿಸಿ, ಕಂಪನಿಯಿಂದ ವಿಚಾರಣೆಗೆ ಬಂದಿದ್ದ ಅಧಿಕಾರಿಗಳ ಮುಂದೆ ಮೇಜಿನ ಮೇಲಿಟ್ಟಿದ್ದ.

“ಇದನ್ನ ಬರೆದದ್ದು ನೀವೇನಾ?” ಅವರಲ್ಲೊಬ್ಬರು ಕೇಳಿದರು.

“ಹೌದ್ರಿ. ಆದ್ರ ಸರ, ಸೆನ್ಸರ್ ವೈರ್ ಬಿಚ್ಚಿತ್ತು…”

“ಅದಕ್ಕೆ ಬರೋಣ. ಸೂಪರ್‌ವೈಸರ್ ಮೇಲೆ ನಿಮಗೆ ಇಷ್ಟೊಂದು ದ್ವೇಷ ಯಾಕೆ?”

ಅದಕ್ಕೆ ಬರಲೇ ಇಲ್ಲ. ರೇವಣಸಿದ್ದ ಎಲ್ಲಿಂದ ಮಾತು ತೆಗೆದರೂ ಅವರು ಮತ್ತೆ ಆ ಹಾಳೆಗೇ ಬೆರಳಿಡುತ್ತಿದ್ದರು. ಹಗೆ ಇಟ್ಟುಕೊಂಡವನ ಸಾಕ್ಷಿ ಎಂದು ಪಕ್ಕಕ್ಕೆ ಸರಿಸಿದರು. ಪರಮಾನಂದನ ಹೇಳಿಕೆಗೆ, ಪೆಟ್ಟು ತಿಂದವನು ಹೀಗೆ ಹೇಳುವುದು ಸಹಜ ಎಂದರು. ಹೆಬ್ಬೆರಳ ಚಿತ್ರ ಹಾಕಿದವರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ವೈರು ಅಷ್ಟರಲ್ಲಿ ತನ್ನ ಜಾಗಕ್ಕೆ ಸೇರಿತ್ತು. ಕೊನೆಗೆ ನಂದೀಶನನ್ನು ಕೇಳಿದಾಗ ಅವನು ನೆಲ ನೋಡುತ್ತ, “ನಾನು ಗಮನಿಸಿಲ್ಲ ಸಾರ್” ಎಂದ.

ಕೆಲಸಗಾರನ ಅಜಾಗರೂಕತೆಯೇ ಕಾರಣ ಎಂದು ತೀರ್ಮಾನವಾಯಿತು. ಅಸಭ್ಯ ನಡತೆಗಾಗಿ ರೇವಣಸಿದ್ದನನ್ನು ಕೆಲಸದಿಂದ ತೆಗೆದರು.

ಅವನೇ ಹೋಗಿ ಪರಮಾನಂದನಿಗೆ ಎಲ್ಲವನ್ನೂ ಹೇಳಿದ, ನಂದೀಶನ ಮನೆಯಲ್ಲಿ ನಡೆದದ್ದನ್ನೂ ಬಿಡದೆ. ಪರಮಾನಂದ ಕೇಳಿಸಿಕೊಂಡ. ಬಟ್ಟೆ ಸುತ್ತಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಗೋಡೆಯ ಕಡೆ ಹೊರಳಿದ.

“ನೀ ಸುಮ್ನ ಇದ್ದಿದ್ರ ಸಾಕಿತ್ತಲೋ,” ಎಂದ. ಆಮೇಲೆ ಅವನೊಡನೆ ಮಾತು ಬಿಟ್ಟ.

ಕೆಲವು ದಿನ ಕಳೆದು ಮಹಾನಂದಾ ತನ್ನ ಮೊಬೈಲು ತಂದು ರೇವಣಸಿದ್ದನ ಮುಂದೆ ಹಿಡಿದಳು. ಕಾರ್ಮಿಕ ಇಲಾಖೆಗೆ ಮೊಬೈಲಿನಲ್ಲೇ ದೂರು ಕೊಡಬಹುದೆಂದು ಯಾರೋ ಹೇಳಿದ್ದರು.

“ನನಗ ಇಷ್ಟೆಲ್ಲ ಬರೀಲಿಕ್ಕ ಬರಂಗಿಲ್ಲಣ್ಣಾ. ನೀವೇ ಬರೀರಿ. ಯಾರಿಗೂ ಬೈಬ್ಯಾಡ್ರಿ. ಆಗಿದ್ದಷ್ಟ ಬರೀರಿ.”

ಹೊಸ್ತಿಲ ಮೇಲೆ ಕುಳಿತು ಬರೆಯತೊಡಗಿದ. ‘ಭಾನುಪ್ರಕಾಶ್’ ಎಂದು ಬರೆಯುತ್ತಲೇ ಮುಂದಿನ ಪದ ನಾಲಿಗೆಯ ತುದಿಗೆ ಬಂತು, ಬೆರಳಿಗೂ ಬಂತು. ಅಳಿಸಿದ. ‘ಭಾನುಪ್ರಕಾಶ್ ಅವರು’ ಎಂದು ಬರೆದ. ಆ ‘ಅವರು’ ಬರೆಯುವಷ್ಟರಲ್ಲಿ ಹಣೆ ಬೆವರಿತು. ಯಾವ ಮಷೀನು, ವೈರು ಬಿಚ್ಚಲು ಹೇಳಿದ್ದು ಯಾರು, ಕೂಗು ಕೇಳಿ ತಾನು ಏನು ಕಂಡೆ, ಅಷ್ಟನ್ನೇ ಬರೆದ. ಮಹಾನಂದಾ ಪೂರ್ತಿ ಓದಿಸಿ ಕೇಳಿದಳು. ನಡುವೆ ‘ಕಟುಕರು’ ಎಂದಿತ್ತು.

“ಅದನ್ನ ತಗೀರಿ.”

“ಸುಳ್ಳೇನಿಲ್ಲಲ್ಲವ್ವಾ ಅದು?”

“ಖರೇನೇ ಅದ. ಅಂದ್ರೂ ತಗೀರಿ.”

ತೆಗೆದ. ಕಳಿಸಿದ.

ದೂರು ತಲುಪಿದೆ ಎಂದು ಉತ್ತರ ಬಂತು. ಅದರ ನಂತರ ಏನೂ ಬರಲಿಲ್ಲ. ಬೇಸಿಗೆ ಹೋಗಿ ಮಳೆ ಬಂತು. ರೇವಣಸಿದ್ದ ಈಗ ಒಂದು ಗೋದಾಮಿನಲ್ಲಿ ಮೂಟೆ ಹೊರುತ್ತಾನೆ. ವಾರದ ರಜೆಯ ದಿನ ಮಹಾನಂದಾ ಮೊಬೈಲು ತಂದು ಕೊಡುತ್ತಾಳೆ, ಅವನು ‘ಮಾನ್ಯರೇ, ದಯವಿಟ್ಟು’ ಎಂದು ಮತ್ತೊಮ್ಮೆ ಬರೆದು ಕಳಿಸುತ್ತಾನೆ. ಒಳಗೆ ಪರಮಾನಂದ ಎಡಗೈಯಲ್ಲಿ ರೊಟ್ಟಿ ಮುರಿಯಲು ಒದ್ದಾಡುವ ಸದ್ದು ಕೇಳಿಸುತ್ತಿರುತ್ತದೆ. ಒಳಗೆ ಬಾ ಎಂದು ಅವನು ಕರೆಯುವುದಿಲ್ಲ.