ಎಫ್ ನಾಲ್ಕರ ಜಾಗ

ಫೋಟೊಗಳಲ್ಲಿ ಮುಚ್ಚಿದ ಕಣ್ಣು ತೆರೆಸುವುದು ನನ್ನ ಕೆಲಸ. ಶಾಲೆಯ ಗುಂಪು ಚಿತ್ರವಿರಲಿ, ಆಫೀಸಿನ ಬೀಳ್ಕೊಡುಗೆಯಿರಲಿ, ಕ್ಯಾಮೆರಾ ಕ್ಲಿಕ್ಕೆನ್ನುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚುವ ಮಹಾನುಭಾವ ಒಬ್ಬ ಇದ್ದೇ ಇರುತ್ತಾನೆ. ಇನ್ನೊಂದು ಫೋಟೊದಿಂದ ಅವನದೇ ಕಣ್ಣು ತಂದು ಕೂರಿಸಬೇಕು. ಸ್ಟುಡಿಯೊ ಯಜಮಾನರು ನನ್ನನ್ನು ಕರೆಯುವುದೇ ‘ಕಣ್ಣಿನ ಡಾಕ್ಟ್ರೇ’ ಎಂದು. ಕೆಲಸ ಮನೆಯಲ್ಲೇ, ಊಟದ ಮೇಜಿನ ಒಂದು ತುದಿಯಲ್ಲಿ. ಇನ್ನೊಂದು ತುದಿ ಊಟಕ್ಕೆ.

ಮಗಳು ಅಂಬೆಗಾಲಿಡುತ್ತಿದ್ದ ಕಾಲದಿಂದಲೂ ಒಂದೇ ಪ್ರೋಗ್ರಾಂ ಬಳಸುತ್ತಿದ್ದೆ. ಹೋದ ವರ್ಷ ಯಜಮಾನರು ಫೋನ್ ಮಾಡಿ, “ಡಾಕ್ಟ್ರೇ, ಇನ್ಮೇಲೆ ಹೊಸದು. ಎಲ್ಲಾ ಅದೇ, ಕೀ ಮಾತ್ರ ಬೇರೆ,” ಅಂದರು. ಕೀ ಮಾತ್ರ ಬೇರೆ ಅಂದರೆ, ಯಾರೋ ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನೆಲ್ಲ ಅದಲುಬದಲು ಮಾಡಿ ಹೋದ ಹಾಗೆ. ಉಪ್ಪಿಗೆ ಕೈ ಹಾಕಿದರೆ ಸಕ್ಕರೆ.

ಮಗಳಿಗೆ ಆ ಪ್ರೋಗ್ರಾಂ ಮೊದಲೇ ಗೊತ್ತಿತ್ತು. ಶಾಲೆಯಲ್ಲಿ ಅದರಲ್ಲೇ ಚಿತ್ರ ಬರೆದು ಕಲಿತವಳು.

“ಹಠ ಹಿಡಿದು ಹೊಸ ಕೀಗಳನ್ನೇ ಕಲಿತುಬಿಡಮ್ಮ. ಬದಲಾಯಿಸೋಕೆ ಹೋಗಬೇಡ,” ಅಂದಳು.

“ನಾನು ಕಲಿಯೋವರೆಗೆ ಯಜಮಾನ್ರು ಕಣ್ಣು ಮುಚ್ಕೊಂಡು ಕೂತಿರ್ತಾರಾ?”

“ಕೂತರೆ ಅವರದ್ದನ್ನೂ ನೀನೇ ತೆರೆಸು.”

ನಾನು ಕೇಳಲಿಲ್ಲ. ಯಾವ ಕೆಲಸಕ್ಕೆ ಯಾವ ಕೀ ಎಂದು ನಮಗೆ ಬೇಕಾದಂತೆ ಹೊಂದಿಸಿಕೊಳ್ಳುವ ಪುಟವೊಂದು ಆ ಪ್ರೋಗ್ರಾಂನಲ್ಲಿದೆ. ಅಲ್ಲಿ ಕೂತು ನನ್ನ ಬೆರಳಿಗೆ ಗೊತ್ತಿದ್ದ ಜಾಗಕ್ಕೇ ಎಲ್ಲವನ್ನೂ ಎಳೆದು ತಂದೆ. ಕೀಬೋರ್ಡಿನ ಮೇಲಿನ ಸಾಲಿನ ಎಫ್ ನಾಲ್ಕು ಒತ್ತಿದರೆ ಹೊಸ ಪದರ. ಚಿತ್ರದ ಮೇಲೆ ಇನ್ನೊಂದು ಗಾಜಿನ ಹಾಳೆ ಇಟ್ಟ ಹಾಗೆ. ಅದರ ಮೇಲೆ ಏನು ಬಳಿದರೂ ಕೆಳಗಿನದು ಕೆಡುವುದಿಲ್ಲ. ಪ್ರೋಗ್ರಾಂನವರು ಅದೇ ಕೀಗೆ ಕೊಟ್ಟಿದ್ದ ಕೆಲಸ ಪೂರಾ ಉಲ್ಟಾ: ಇರುವ ಪದರಗಳನ್ನೆಲ್ಲ ಬೆಸೆದು ಒಂದು ಮಾಡುವುದು.

ಇರುವುದು ಒಂದೇ ಕಂಪ್ಯೂಟರು. ಹಗಲು ನನ್ನದು, ಸಂಜೆ ಅವಳದು. “ನಿನ್ನ ಕೀಗಳಲ್ಲಿ ಬರೆಯೋದು ಬೇರೆಯವರ ಚಪ್ಪಲಿ ಹಾಕ್ಕೊಂಡು ಮೆಟ್ಟಿಲು ಹತ್ತಿದ ಹಾಗಿದೆ,” ಎಂದು ಮೊದಮೊದಲು ಗೊಣಗಿದಳು. ಆಮೇಲೆ ಸುಮ್ಮನಾದಳು. ಪಾಪ, ನುಂಗಿಕೊಂಡಿದ್ದಾಳೆ ಅಂದುಕೊಂಡೆ. ದಿನವಿಡೀ ದುಡಿದ ಮೇಲೆ, ಮನೆಯಲ್ಲಿ ಒಬ್ಬರು ಗೊಣಗುವುದು ನಿಲ್ಲಿಸಿದರೆ ಯಾಕೆ ಅಂತ ಯಾರು ಕೇಳಲು ಹೋಗುತ್ತಾರೆ?

ಚಿತ್ರಕಲಾ ಶಾಲೆಗೆ ಸೇರಬೇಕೆಂಬುದು ಅವಳ ಆಸೆ. ಅವರು ಕೇಳಿದ್ದು ಒಂದೇ ಚಿತ್ರ, ಆದರೆ ಪದರಗಳು ಬಿಡಿಬಿಡಿಯಾಗಿರಬೇಕು. ಹೇಗೆ ಕಟ್ಟಿದ್ದಾಳೆ ಎಂದು ಬಿಚ್ಚಿ ನೋಡುತ್ತಾರಂತೆ. ನಮ್ಮ ಬೀದಿಯ ಕಟಿಂಗ್ ಶಾಪನ್ನು ಬರೆದಳು. ಎದುರುಬದುರು ಕನ್ನಡಿ, ಒಂದರೊಳಗೊಂದು ಸಣ್ಣದಾಗುತ್ತ ಹೋಗುವ ಕುರ್ಚಿಗಳು, ಕತ್ತರಿ ಹಿಡಿದ ಅದೇ ಮನುಷ್ಯ. ಒಂದೊಂದು ಬಿಂಬಕ್ಕೆ ಒಂದೊಂದು ಪದರ. ತಿಂಗಳುಗಟ್ಟಲೆ ಬರೆದಳು. ಇನ್ನೊಂದು ಪ್ರತಿ ಇಟ್ಟುಕೊಳ್ಳಲೇ ಅಂತ ಕೇಳಿದಾಗ, ಸ್ಟುಡಿಯೊ ಫೋಟೊಗಳಿಗೇ ಜಾಗ ಸಾಲದು ಅಂದಿದ್ದೆ.

ಕಳುಹಿಸಲು ಭಾನುವಾರ ಸಂಜೆ ಕೊನೆ. ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ನನಗೊಂದು ಯೋಚನೆ ಬಂತು: ಇವತ್ತೊಂದು ದಿನವಾದರೂ ಹುಡುಗಿ ತನ್ನ ಚಪ್ಪಲಿಯಲ್ಲೇ ನಡೆಯಲಿ. ನನ್ನ ಕೀಗಳನ್ನು ಒಂದು ಕಡೆ ತೆಗೆದಿಟ್ಟು, ಎಲ್ಲವನ್ನೂ ಪ್ರೋಗ್ರಾಂನವರು ಕೊಟ್ಟಿದ್ದ ಹಾಗೆಯೇ ಮಾಡುವ ಗುಂಡಿ ಒತ್ತಿದೆ. ಹೇಳಲಿಲ್ಲ. ಗೊತ್ತಾದ ತಕ್ಷಣ ‘ಅಮ್ಮಾ’ ಅಂತ ಕೂಗುತ್ತಾಳೆ ಅಂತ ಒಲೆಯ ಮುಂದೆ ಕಿವಿ ಅತ್ತ ಕೊಟ್ಟು ನಿಂತಿದ್ದೆ.

ಚಿತ್ರದಲ್ಲಿ ಉಳಿದದ್ದು ಕನ್ನಡಿಗಳ ಮೇಲಿನ ಬೆಳಕು ಮಾತ್ರ. ಕುಂಚ, ಎಫ್ ನಾಲ್ಕು, ಮತ್ತೆ ಕುಂಚ. ಬೇರೆ ಕೀ ಬೇಕಾಗಲೇ ಇಲ್ಲ. ಪರದೆ ಚಿಕ್ಕದೆಂದು ಪಕ್ಕದಲ್ಲಿ ಪದರಗಳನ್ನು ತೋರಿಸುವ ಪಟ್ಟಿಯನ್ನೂ ಮರೆಮಾಡಿದ್ದಳು. ಪದರಗಳು ಬೆಸೆದುಕೊಂಡರೂ ಚಿತ್ರ ನೋಡಲು ಮೊದಲಿನಂತೆಯೇ ಇರುತ್ತದೆ, ಒಂದು ಕೂದಲೂ ಅಲುಗುವುದಿಲ್ಲ. ಮುಗಿಸಿ, ಉಳಿಸಿ, ಮುಚ್ಚಿದಳು. ಒಮ್ಮೆ ಮುಚ್ಚಿದ ಮೇಲೆ, ಮಾಡಿದ್ದನ್ನು ಹಿಂತೆಗೆಯಲು ಬರುವುದಿಲ್ಲ. ಕಳುಹಿಸುವ ಮುಂಚೆ ಒಮ್ಮೆ ನೋಡೋಣವೆಂದು ಪಟ್ಟಿಯ ಸಮೇತ ತೆರೆದಳು. ಇದ್ದದ್ದು ಒಂದೇ ಪದರ.

“ಅಮ್ಮಾ.”

ನಾನು ಕಾಯುತ್ತಿದ್ದ ಕೂಗೇ. ದನಿ ಮಾತ್ರ ಬೇರೆ.

“ಕೀ ಮುಟ್ಟಿದ್ಯಾ?”

“ನಿನ್ನವನ್ನೇ ವಾಪಸ್ ಹಾಕಿದೆ ಕಣೇ. ನಿನಗೆ ಸುಲಭ ಆಗ್ಲಿ ಅಂತ.”

“ನನ್ನವು ಅಂತ ಈಗ ಯಾವೂ ಇಲ್ಲಮ್ಮ. ನಿನ್ನವನ್ನೇ ಕಲಿತುಬಿಟ್ಟಿದ್ದೆ. ನಾನು ದಿನಾ ಬದಲಾಯಿಸಿದ್ರೆ ಬೆಳಿಗ್ಗೆ ನಿನಗೆ ಕಷ್ಟ ಅಲ್ವಾ.”

“ಅದನ್ನ ಹೇಳಬಾರದಿತ್ತಾ?”

ಅವಳು ಹೇಳಿದ್ದು ಕೇಳಿ ನನ್ನ ಬಾಯಿಂದ ಬಂದ ಮೊದಲ ಮಾತೇ ಅದು. ‘ನೀನು ಹೇಳಿದ್ಯಾ’ ಎಂದು ಅವಳು ತಿರುಗಿ ಕೇಳಬಹುದಿತ್ತು. ಕೇಳಲಿಲ್ಲ. ಚಿತ್ರವನ್ನು ಮುಚ್ಚಿ ಮತ್ತೊಮ್ಮೆ ತೆರೆದು ನೋಡಿದಳು.

ಬೆಸೆದ ಪದರಗಳನ್ನು ಬಿಡಿಸಬಹುದೇ ಎಂದು ಯಜಮಾನರಿಗೆ ಫೋನ್ ಮಾಡಿದೆ. “ಕಲಸಿದ ಹಿಟ್ಟಿಂದ ನೀರು ವಾಪಸ್ ಕೊಡಿ ಅಂದ ಹಾಗಾಯ್ತು ಡಾಕ್ಟ್ರೇ,” ಅಂದರು, ನಗದೆ. ಕಣ್ಣು ಕಿತ್ತು ಕೂರಿಸುವ ಕೈ ಇದು, ಬಿಂಬಗಳನ್ನೂ ಕತ್ತರಿಸಿ ಬೇರೆ ಮಾಡಿಯೇನು ಅಂದುಕೊಂಡು ಅವಳ ಪಕ್ಕ ಕೂತೆ. ಮೊದಲ ಕನ್ನಡಿಯ ಮನುಷ್ಯನನ್ನು ಜೋಪಾನವಾಗಿ ಎತ್ತಿದೆ. ಅವನ ಹಿಂದೆ, ಅವನದೇ ಆಕಾರದ ಬಿಳಿ ತೂತು. ಅಲ್ಲಿ ಅವಳು ಏನು ಬರೆದಿದ್ದಳೋ, ಅದು ಇನ್ನೆಲ್ಲೂ ಇರಲಿಲ್ಲ.

“ಬಿಡಮ್ಮ,” ಅಂದಳು.

ಇದ್ದ ಹಾಗೆಯೇ ಕಳುಹಿಸಿದಳು. ಚಿತ್ರ ಚೆನ್ನಾಗಿದೆ, ಪದರಗಳಿಲ್ಲದ್ದನ್ನು ಪರಿಗಣಿಸಲಾಗದು, ಮುಂದಿನ ವರ್ಷ ಪ್ರಯತ್ನಿಸಿ ಎಂದು ಉತ್ತರ ಬಂತು.

ಯಾರ ಕೀಗಳು ಇರಲಿ ಎಂದು ಕೇಳಿದ್ದಕ್ಕೆ, “ನಿನ್ನವೇ ಇರ್ಲಿ. ನಾನು ಸದ್ಯಕ್ಕೆ ಅದರಲ್ಲಿ ಬರೆಯಲ್ಲ,” ಅಂದಳು. ಕೋಪ ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಹಿಡಿದುಕೊಳ್ಳಲು ನನಗೊಂದು ತುದಿಯಾದರೂ ಸಿಗುತ್ತಿತ್ತು.

ಅವಳು ಶಾಲೆಗೆ ಹೋದ ಮೇಲೆ ಚಮಚದ ಹಿಡಿಯಿಂದ ಎಫ್ ನಾಲ್ಕನ್ನು ಮೀಟಿ ಕಿತ್ತುಹಾಕಿದೆ. ಈಗ ಹೊಸ ಪದರ ಬೇಕಾದಾಗೆಲ್ಲ ಮೌಸ್ ಹಿಡಿದು ಮೆನುವಿನಲ್ಲಿ ಹುಡುಕಬೇಕು. ಕೆಲಸ ನಿಧಾನವಾಗಿದೆ, ಯಜಮಾನರು ಕಾಯುತ್ತಾರೆ. ಸಂಜೆ ಮೇಜಿನ ಊಟದ ತುದಿಯಲ್ಲಿ ಮಗಳು ಪೆನ್ಸಿಲ್ ಹಿಡಿದು ಕಾಗದದ ಮೇಲೆ ಏನೋ ಗೀಚುತ್ತಿರುತ್ತಾಳೆ. ನನ್ನ ಬೆರಳು ಅಭ್ಯಾಸಬಲದಿಂದ ಆ ಖಾಲಿ ಜಾಗಕ್ಕೆ ಬೀಳುತ್ತದೆ. ಟಕ್ ಎನ್ನಬೇಕಾದಲ್ಲಿ ಸದ್ದಿಲ್ಲ. ಆಗ ಅವಳ ಪೆನ್ಸಿಲ್ಲೂ ಒಂದು ಚೂರು ನಿಂತು, ಮತ್ತೆ ಮುಂದೆ ಹೋಗುತ್ತದೆ.