ಸತ್ತ ರಾಕ್ಷಸ ಟೀ ಕೇಳಿದ್ದು

ಗಂಡು ನೋಡುವುದರಲ್ಲಿ ನನ್ನದೇ ಒಂದು ಪದ್ಧತಿ ಇದೆ. ಬಂದವರು ಉಪ್ಪಿಟ್ಟು ತಿಂದು ಹೊರಡುವ ಹೊತ್ತಿಗೆ ಹುಡುಗನ ಕೈಗೆ ಒಂದು ಕಾಮಿಕ್ಸ್ ಕೊಡುತ್ತೇನೆ. 'ರಕ್ಕಸನ ಗಿಣಿ', ಮೊದಲ ಭಾಗ. ಒಟ್ಟು ಆರು ಭಾಗ. ಏಳು ಸಮುದ್ರದಾಚೆ ಗಿಣಿಯೊಳಗೆ ಜೀವ ಬಚ್ಚಿಟ್ಟ ರಾಕ್ಷಸ, ಅರಮನೆ ಬಿಟ್ಟು ಬಂದು ಟೀ ಅಂಗಡಿ ಇಟ್ಟ ರಾಜಕುಮಾರಿ. ಕಾಮಿಕ್ಸ್ ಮುಟ್ಟಿಯೇ ಗೊತ್ತಿಲ್ಲದವರು ಇದರಿಂದಲೇ ಶುರು ಮಾಡಬೇಕು ಎಂಬುದು ನನ್ನ ಹಟ.

ಮೊದಲು ಬಂದವನು "ಪುಸ್ತಕ ಅಂದ್ರೆ ನಂಗೆ ಪ್ರಾಣ ರೀ" ಅಂದಿದ್ದ. ವಾರದ ಮೇಲೆ ಫೋನಿನಲ್ಲಿ "ರಾಕ್ಷಸ ಹೆಂಗಿದ್ದ?" ಎಂದು ಕೇಳಿದೆ. "ಬಾಳ ಒಳ್ಳೆ ಮನುಷ್ಯ" ಎಂದ. ಎರಡನೆಯವನು ಪುಸ್ತಕವನ್ನೇ ವಾಪಸ್ ಕೊಡಲಿಲ್ಲ, ಇನ್ನೊಂದು ತರಿಸಬೇಕಾಯಿತು. ಓದಲಿಲ್ಲ ಎಂದಿದ್ದರೆ ನನಗೇನೂ ಬೇಜಾರಿರಲಿಲ್ಲ. ಸುಳ್ಳು ಹೇಳುವವನ ಜೊತೆ ಬಾಳುವುದು ಮಾತ್ರ ನನ್ನಿಂದಾಗದು.

ಮೂರನೆಯವರು ಚನ್ನಗಿರಿಯ ರೇಣುಕಪ್ರಸಾದ್. ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ. ಪುಸ್ತಕ ಕೊಟ್ಟಾಗ ಹಿಂದೆ ಮುಂದೆ ತಿರುಗಿಸಿ ನೋಡಿ, "ನಾನು ಪೇಪರ್ ಬಿಟ್ರೆ ಏನೂ ಓದಲ್ಲ ರೀ. ಆದ್ರೂ ನೋಡ್ತೀನಿ" ಎಂದರು. ಆ ಮಾತು ಹಿಡಿಸಿತು, ಮನುಷ್ಯನೂ ಹಿಡಿಸಿದ. ಅದಕ್ಕೇ ಹೆದರಿಕೆಯಾಯಿತು. ಇವರೂ ಸುಳ್ಳು ಹೇಳಿಬಿಟ್ಟರೆ?

"ಸೋಮವಾರ ಅವ್ರಿಗೆ ಮಾತು ಕೊಡ್ಬೇಕು ಪೂಜಾ. ಹೂಂ ಅಂತೀಯೋ, ಊಹೂಂ ಅಂತೀಯೋ, ಅಷ್ಟರಾಗೆ ಹೇಳು" ಎಂದು ಅಪ್ಪ ಗಡುವು ಹಾಕಿದರು.

ಶನಿವಾರ ಮಧ್ಯಾಹ್ನ ನ್ಯಾಮತಿ ಬಸ್‌ಸ್ಟ್ಯಾಂಡ್ ಎದುರಿನ ನನ್ನ ಜೆರಾಕ್ಸ್ ಅಂಗಡಿ ಮುಂದೆ ಒಂದು ಬೈಕ್ ನಿಂತಿತು. ರೇಣುಕಪ್ರಸಾದ್. ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು. ಮುಖ ಸಪ್ಪಗಿತ್ತು.

"ಮೂರು ಸಲ ಓದಿದೆ ರೀ. ಅರ್ಥ ಆಗ್ಲಿಲ್ಲ. ಸುಮ್ನೆ ಚೆನ್ನಾಗೈತೆ ಅಂತ ಹೇಳಾಕೆ ಮನಸು ಬರ್ಲಿಲ್ಲ."

ನನಗೆ ಅಲ್ಲಿಯೇ ಕುಣಿಯಬೇಕು ಅನ್ನಿಸಿತು. ಬಿಗುಮಾನ ಬಿಡದೆ, "ಏನು ಅರ್ಥ ಆಗ್ಲಿಲ್ಲ?" ಎಂದೆ.

"ಎರಡನೇ ಪುಟದಾಗೆ ರಾಕ್ಷಸ ಸತ್ತು ಬೀಳ್ತಾನೆ. ಸತ್ತೋನು ಮತ್ತೆ ಬಾಗಿಲಿಂದ ಬಂದು ಟೀ ಕೇಳ್ತಾನೆ. ಹೆಂಗೆ ರೀ? ಮನೇಲಿ ಇದೇ ಜಗಳ. ನಮ್ಮವ್ವ ಅದು ರಾಜಕುಮಾರಿ ಕನಸು ಅಂತಾಳೆ. ನಮ್ಮಜ್ಜ, ಜೀವ ಗಿಣೀಲಿರೋವಾಗ ಮೈ ಎಷ್ಟು ಸಲ ಸತ್ರೇನು ಅಂತಾನೆ."

"ಎಲ್ಲಿ, ಓದಿ ತೋರಿಸ್ರಿ."

ಅವರ ಬೆರಳು ಪುಟದ ಎಡಗಡೆ ಮೇಲಿನ ಚಿತ್ರದಿಂದ ಹೊರಟು ನೇರ ಕೆಳಕ್ಕೆ ಇಳಿಯಿತು. ತಳ ಮುಟ್ಟಿದ ಮೇಲೆ ಬಲಗಡೆ ಮೇಲಕ್ಕೆ ಹಾರಿತು. ಪೇಪರಿನ ಕಾಲಂ ಓದುವ ಹಾಗೆ. ನಾನು ಜೆರಾಕ್ಸ್ ಮಿಷಿನ್ ಹಿಡಿದುಕೊಂಡು ನಕ್ಕೆ. ತಪ್ಪು ನನ್ನದೇ. ಎಲ್ಲರಿಗೂ ಪುಸ್ತಕ ಕೊಟ್ಟೆ, ಹೇಗೆ ಓದಬೇಕೆಂದು ಒಬ್ಬರಿಗೂ ಹೇಳಿರಲಿಲ್ಲ.

"ಅಡ್ಡಕ್ಕೆ ಓದ್ಬೇಕು ರೀ. ಎಡದಿಂದ ಬಲಕ್ಕೆ, ಆಮೇಲೆ ಕೆಳಗಿನ ಸಾಲು."

ಅವರು ಬೆಂಚಿನ ಮೇಲೆ ಕೂತು ಮೊದಲಿಂದ ಓದಿದರು. ತಾಲ್ಲೂಕು ಆಫೀಸಿಗೆ ಅರ್ಜಿ ಕೊಡುವವರು ಬಂದು ಹೋದರು, ತಲೆ ಎತ್ತಲಿಲ್ಲ. ರಾಕ್ಷಸ ಬಂದ, ಟೀ ಕೇಳಿದ, ಕುಡಿದ, ಆಮೇಲೆ ಸತ್ತ. ಒಂದು ಕಡೆ ಅವರು ಜೋರಾಗಿ ನಕ್ಕಾಗ ಆ ಪುಟ ಯಾವುದೆಂದು ನನಗೆ ನೋಡದೆಯೇ ಗೊತ್ತಾಯಿತು. ಬಾಳ ಖುಷಿಯಾಯಿತು.

ಮುಗಿಸಿ ಪುಸ್ತಕ ಮುಚ್ಚಿದರು. "ಈಗ ಸರಿ ಹೋತು. ಆದ್ರೆ ನಮ್ಮಜ್ಜ ಹೇಳಿದ ಕಥೇನೂ ಚೆನ್ನಾಗಿತ್ತು ರೀ. ಅಜ್ಜಂಗೆ ತಪ್ಪು ಓದಿದ್ವಿ ಅಂತ ಹೆಂಗೆ ಹೇಳೋದು?" ಪುಸ್ತಕ ಕೌಂಟರಿನ ಮೇಲಿಟ್ಟು, "ಎರಡನೇ ಭಾಗ ಕೊಡ್ತೀರಾ?" ಎಂದು ಕೇಳಿದರು.

ಉಳಿದ ಐದೂ ಭಾಗ ಕೌಂಟರಿನ ಕೆಳಗೇ ಇದ್ದವು. ನಾನು ಕೈ ಹಾಕಲಿಲ್ಲ.

"ಕೊಡಲ್ಲ. ಅಷ್ಟನ್ನೂ ನಾನೇ ಚನ್ನಗಿರಿಗೆ ತರ್ತೀನಿ. ಅಜ್ಜನ ಮುಂದೆ ನಾನೇ ಓದ್ತೀನಿ, ಒಂದ್ಸಲ ಅಡ್ಡ, ಒಂದ್ಸಲ ಉದ್ದ."

ಅವರು ಈ ಮಾತನ್ನೂ ನಿಧಾನವಾಗಿಯೇ ಓದಿಕೊಂಡರು. ಕಿವಿಯ ತನಕ ಕೆಂಪಾದರು.

"ಯಾವಾಗ ಬರ್ತೀರಿ?"

"ಅದನ್ನ ನಮ್ಮಪ್ಪನ್ನ ಕೇಳ್ರಿ," ಎಂದೆ. "ಮನೇಲೇ ಅದಾರೆ."