ಸುಮನಾ ಯಾರ ಮನೆಯ ಹುಡುಗಿ?

ರಿಪ್ಪನ್‌ಪೇಟೆ ಸಂತೆಯಲ್ಲಿ ಯಾರಾದರೂ "ಈ ಹುಡುಗಿ ಯಾರೆ ವೆಂಕಮ್ಮ?" ಎಂದು ಕೇಳಿದರೆ ವೆಂಕಮ್ಮನ ಬಾಯಿಗೆ ದಿನಕ್ಕೊಂದು ಉತ್ತರ ಬರುತ್ತಿತ್ತು. ಒಮ್ಮೆ ನೆಂಟರ ಮಗಳು, ಇನ್ನೊಮ್ಮೆ ಶಾಲೆಗೆಂದು ಬಂದು ಉಳಿದವಳು. ನಿಜ ಹೇಳಲು ನಾಚಿಕೆಯೇನೂ ಇರಲಿಲ್ಲ. ಹೇಳಿದರೆ "ಇನ್ನೆಷ್ಟು ದಿನ ಇರ್ತಾಳೆ?" ಎಂಬ ಪ್ರಶ್ನೆ ಹಿಂದೆಯೇ ಬರುತ್ತಿತ್ತು.

ಸುಮನಾಳಿಗೆ ಒಂಬತ್ತು ವರ್ಷ. ತಾಯಿ ತೀರಿಕೊಂಡಿದ್ದಳು. ಬಿಟ್ಟುಹೋದ ತಂದೆಯ ಪತ್ತೆಯಿರಲಿಲ್ಲ. ಮಕ್ಕಳ ಕಲ್ಯಾಣ ಸಮಿತಿಯವರು ಅವಳನ್ನು ಸಾಕಲೆಂದು ಈ ಮನೆಗೆ ಕಳಿಸಿ ಎರಡು ವರ್ಷ ದಾಟಿತ್ತು. ವೆಂಕಮ್ಮ, ಗುತ್ಯಪ್ಪ ದಂಪತಿಗೆ ಮಕ್ಕಳಿರಲಿಲ್ಲ. ಹುಡುಗಿಯನ್ನು ಚೆನ್ನಾಗಿಯೇ ನೋಡಿಕೊಂಡರು. ಬಿಸಿ ಊಟ, ತಲೆಗೆ ಎಣ್ಣೆ, ಹಬ್ಬಕ್ಕೆ ಹೊಸ ಅಂಗಿ. ಪೊರಕೆ ಮುಟ್ಟಲೂ ಬಿಡುತ್ತಿರಲಿಲ್ಲ. ಇವತ್ತೋ ನಾಳೆಯೋ ಹೋಗುವ ಮಗು, ಬೈಯಬಾರದು, ಕೆಲಸ ಹೇಳಬಾರದು ಎಂದು ವೆಂಕಮ್ಮ ಮೊದಲ ದಿನವೇ ತೀರ್ಮಾನಿಸಿಕೊಂಡಿದ್ದಳು.

ಗದ್ದೆಯ ಪೈರಿಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆಗೆ ನಾಲ್ಕು ದಿನವಿತ್ತು. ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ವೆಂಕಮ್ಮ ಜಗಲಿಯಲ್ಲಿ ಅಕ್ಕಿಹಿಟ್ಟಿನ ಬಿಳಿಯಿಂದ ಚಿತ್ತಾರ ಬರೆಯುತ್ತ ಕುಳಿತಿದ್ದಳು. ಅಂಗನವಾಡಿ ಟೀಚರ್ ಪುಷ್ಪಮ್ಮ ಒಂದು ಕಾಗದ ಹಿಡಿದು ಬಂದಳು.

"ವೆಂಕಕ್ಕ, ಮಕ್ಕಳ ರಕ್ಷಣಾ ಘಟಕದಿಂದ ಬಂದಿದ್ದು. ಸುಮನಾನ್ನ ನೀವೇ ದತ್ತು ತಗೊಳ್ತೀರಾ ಅಂತ ಕೇಳ್ಯಾರೆ."

"ಇಲ್ಲ ಅಂದ್ರೆ?"

"ಬೇರೆ ಮನೆ ಹುಡುಕ್ತಾರೆ. ಮಗೂಗೆ ಕಾಯಂ ಅಪ್ಪ-ಅಮ್ಮ ಬ್ಯಾಡ್ವಾ?"

ವೆಂಕಮ್ಮನ ಕೈ ನಿಂತಿತು. "ಇದ್ದಷ್ಟು ದಿನ ಇರ್ಲಿ ಬಿಡು. ನಾಳೆ ಅವಳಪ್ಪ ಬಂದು ನನ್ನ ಮಗಳು ಅಂದ್ರೆ ನಾನೇನ್ ಮಾಡ್ಲಿ?"

"ಅಪ್ಪನ್ನ ಹುಡುಕಿ, ಪೇಪರಲ್ಲಿ ಹಾಕ್ಸಿ ಕಾದ್ರು. ಯಾರೂ ಬರ್ಲಿಲ್ಲ. ಈ ಮಗೂನ ದತ್ತು ಕೊಡಬಹುದು ಅಂತ ಸಮಿತಿ ಬರೆದುಕೊಟ್ಟಿದೆ. ಆದೇಶ ಆತು ಅಂದ್ರೆ ಅವಳು ನಿಮ್ಮ ಮಗಳೇ. ಹೆತ್ತ ಮಗೂಗೆ ಇರೋ ಹಕ್ಕೆಲ್ಲ ಅವಳಿಗೂ."

"ಅದನ್ನೇ ನಮ್ಮ ಮೈದುನ ಕನ್ನಪ್ಪ ಹೇಳದು. ರಕ್ತ ಅಲ್ಲದೋರಿಗೆ ಗದ್ದೆ ಬರೀತೀರಾ ಅಂತ."

"ಕನ್ನಪ್ಪಣ್ಣ ಒಂದು ರಾತ್ರೆ ಜ್ವರ ಬಂದ ಮಗು ಹತ್ರ ಕೂತಿದ್ರಾ? ಕೂತಿದ್ದು ನೀನು."

"ನಮಗೆ ವಯಸ್ಸೂ ಆತಲ್ಲೆ."

"ಇಷ್ಟು ದೊಡ್ಡ ಮಗೂಗೆ ಗಂಡ-ಹೆಂಡ್ತಿ ವಯಸ್ಸು ಕೂಡಿ ನೂರಾ ಹತ್ತು ದಾಟಬಾರದು. ಗುತ್ಯಪ್ಪಣ್ಣಂಗೆ ಐವತ್ತೆರಡು, ನಿಂಗೆ..."

"ಬೀದಿಗೆ ಕೇಳೋ ಹಂಗೆ ಲೆಕ್ಕ ಹಾಕ್ಬ್ಯಾಡ ಮಾರಾಯ್ತಿ."

ದನದ ಹಟ್ಟಿಯ ಕಡೆಯಿಂದ ಬಂದ ಗುತ್ಯಪ್ಪ ಇದನ್ನೆಲ್ಲ ಕೇಳುತ್ತ ಕಂಬಕ್ಕೆ ಒರಗಿ ನಿಂತಿದ್ದ. "ನಂದೇನೂ ತಕರಾರಿಲ್ಲ. ಇವಳೇ ಹೆದರ್ತಾಳೆ," ಎಂದ.

ಅಷ್ಟರಲ್ಲಿ ಶಾಲೆಯಿಂದ ಬಂದ ಸುಮನಾ ಚೀಲ ಇಟ್ಟು, ಬುಟ್ಟಿಯ ಪಕ್ಕ ಕುಳಿತು, ನಾರಿನ ಕುಂಚವೊಂದನ್ನು ಎತ್ತಿಕೊಂಡಳು.

"ಬ್ಯಾಡ ಪುಟ್ಟಿ. ಇದು ಮನೆ ಹೆಂಗಸರೇ ಬರೆಯೋದು. ನೀನು ಒಳಗೆ ಹೋಗಿ ತಿಂಡಿ ತಿನ್ನು," ಎಂದಳು ವೆಂಕಮ್ಮ. ಅವಳ ಅತ್ತೆ ಕಲಿಸಿದ ಕಟ್ಟಳೆ ಅದು. ನೆಂಟರ ಕೈಗೆ ಈ ಕುಂಚ ಕೊಡುವಂತಿಲ್ಲ. ಹೋದ ವರ್ಷವೂ ಹೀಗೆಯೇ ಹೇಳಿದ್ದಳು. ಆಗ ಹುಡುಗಿ ಸುಮ್ಮನೆ ಎದ್ದು ಹೋಗಿದ್ದಳು.

ಈ ಸಲ ಸುಮನಾ ಕುಂಚವನ್ನು ಇದ್ದ ಕಡೆಯೇ ಇಟ್ಟು, ಪುಷ್ಪಮ್ಮನ ಕೈಯಲ್ಲಿದ್ದ ಕಾಗದ ನೋಡಿದಳು.

"ಟೀಚರ್, ನಂಗೆ ಬೇರೆ ಮನೆ ಹುಡುಕ್ತಾರಂತೆ, ಹೌದಾ?"

"ಯಾರು ಹೇಳಿದ್ರು ನಿಂಗೆ?"

"ಹೋದ ಸಲ ನನ್ನ ನೋಡೋಕೆ ಬಂದ ಆಫೀಸಿನ ಮೇಡಂ ದೊಡ್ಡಪ್ಪನ ಹತ್ರ ಹೇಳ್ತಾ ಇದ್ರು," ಎಂದು ಗುತ್ಯಪ್ಪನ ಕಡೆ ಕೈ ತೋರಿಸಿದಳು. "ಆ ಮನೇಲೂ ಬುಟ್ಟಿ ಬರೀತಾರಾ?" ಹುಡುಗಿ ಕುಂಚದ ಕಡೆ ನೋಡಿದಳು. "ಅಲ್ಲಿ ನಂಗೆ ಬರೆಯೋಕೆ ಬಿಡ್ತಾರಾ?"

ಎರಡು ವರ್ಷ ಹುಡುಗಿಗೆ ನೋವಾಗಬಾರದೆಂದು ಕೆಲಸ ಹೇಳದೆ, ಬೈಯದೆ ಇದ್ದೆನಲ್ಲ, ಅದರಿಂದಲೇ ಅವಳನ್ನು ಹೊಸಿಲಾಚೆ ನಿಲ್ಲಿಸಿದ್ದೆ ಎಂದು ವೆಂಕಮ್ಮನಿಗೆ ಆಗ ಹೊಳೆಯಿತು. ನೋವಾಗಬಾರದೆಂದು ಕಾದುಕೊಂಡಿದ್ದು ತನ್ನ ಮನಸ್ಸನ್ನೇ.

"ಬಾ ಇಲ್ಲಿ," ಎಂದಳು. ಕುಂಚ ಹಿಟ್ಟಿಗೆ ಅದ್ದಿ ಹುಡುಗಿಯ ಬೆರಳಿಗೆ ಕೊಟ್ಟಳು. "ಈ ಗೆರೆ ಪಕ್ಕ ಇನ್ನೊಂದು ಗೆರೆ. ಉಸಿರು ಬಿಗಿ ಹಿಡಿದು ಎಳಿ."

ಸುಮನಾ ಎಳೆದಳು. ಗೆರೆ ಅರ್ಧಕ್ಕೆ ಹೋಗಿ ಬಾಗಿತು.

"ಏ, ಸೊಟ್ಟ ಆತಲ್ಲೆ. ಎಲ್ಲಿಟ್ಟಿದ್ದೆ ಕಣ್ಣು? ಒರೆಸು, ಮತ್ತೆ ಎಳಿ."

ವೆಂಕಮ್ಮ ಅವಳಿಗೆ ಬೈದದ್ದು ಅದೇ ಮೊದಲು. ಹುಡುಗಿ ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ನಾಲಿಗೆ ಕಚ್ಚಿಕೊಂಡು, ನಗು ತಡೆಯುತ್ತ, ಗೆರೆ ಒರೆಸಿದಳು.

ವೆಂಕಮ್ಮ ತಲೆ ಎತ್ತದೆ ಹೇಳಿದಳು: "ಪುಷ್ಪಾ, ಆ ಕಾಗದಕ್ಕೆ ಎಲ್ಲಿ ಸಹಿ ಹಾಕ್ಬೇಕು ಹೇಳು. ಕೈ ತೊಳ್ಕಂಡು ಬರ್ತೀನಿ."

ಆಮೇಲೆ ಕಾಗದಪತ್ರ ಸೇರಿಸಿದ್ದಾಯಿತು, ಮನೆಗೆ ಬಂದು ವಿಚಾರಿಸಿದ್ದಾಯಿತು. ಸುಮನಾಳನ್ನೂ ಕೂರಿಸಿಕೊಂಡು "ನಿನಗೆ ಒಪ್ಪಿಗೆಯಾ?" ಎಂದು ಕೇಳಿದರು. ತಿಂಗಳುಗಳು ಹಿಡಿದವು. ಆದೇಶ ಕೈಗೆ ಬಂದ ದಿನ ಶಿವಮೊಗ್ಗದಿಂದ ಬಸ್ಸಿನಲ್ಲಿ ವಾಪಸಾಗುವಾಗ ಸುಮನಾ ಕೇಳಿದಳು: "ಇನ್ನು ಆ ಮೇಡಂ ಬರಲ್ವಾ?"

"ಬರ್ತಾರೆ. ಎರಡು ವರ್ಷ, ಆರು ತಿಂಗಳಿಗೊಮ್ಮೆ. ಯಾಕೆ?" ಎಂದ ಗುತ್ಯಪ್ಪ.

"ಊಟ ಮಾಡಿಸಿ ಕಳಿಸ್ಬೇಕಲ್ಲ. ನಮ್ಮನೆಗೆ ಬಂದೋರು."

ವೆಂಕಮ್ಮ ಕಿಟಕಿಯ ಕಡೆ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಊರಲ್ಲೂ ಇಂಥ ಮಗುವೊಂದು ಯಾರದೋ ಜಗಲಿಯಲ್ಲಿ ನೆಂಟರಂತೆ ಕುಳಿತಿರಬಹುದು. ಕೂಸುಗಳನ್ನು ಕೇಳಿಕೊಂಡು ಬರುವವರು ಬಹಳ. ಏಳು, ಒಂಬತ್ತು, ಹನ್ನೆರಡು ವರ್ಷದ ಮಕ್ಕಳು ಕಾಯುತ್ತಲೇ ಇರುತ್ತಾರೆ. ನೀವು ಮಗುವೊಂದನ್ನು ಸಾಕುತ್ತಿದ್ದರೆ, ಅದನ್ನು ನಿಮ್ಮದೇ ಮಾಡಿಕೊಳ್ಳಲು ದಾರಿಯಿದೆಯೇ ಎಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಯಾರೋ ಕೊಟ್ಟರೆಂದು ಕೈಯಿಂದ ಕೈಗೆ ಮಗು ಪಡೆಯಬೇಡಿ, ಅದು ಅಪರಾಧ. ದಿಕ್ಕಿಲ್ಲದ ಮಗು ಕಂಡರೆ 1098ಕ್ಕೆ ಕರೆ ಮಾಡಿ. ನಿಮ್ಮ ಊರಿನ ಅಂಗನವಾಡಿ ಟೀಚರನ್ನು ಕೇಳಿದರೂ ಆದೀತು. ಇವತ್ತೇ ಕೇಳಿ.